ವಿಚ್ಛೇದನ, ಮಕ್ಕಳ ಕಸ್ಟಡಿ, ದತ್ತು: ನಿಮ್ಮೂರಲ್ಲೇ ಸರಿಯಾದ ವಕೀಲರನ್ನು ಹಿಡಿಯುವುದು ಹೇಗೆ?

ಗಂಡ ಹೆಂಡತಿ ಜಗಳ ಕೋರ್ಟಿಗೆ ಹೋಗುವ ಹಂತಕ್ಕೆ ಬಂದರೆ ಹೆಚ್ಚಿನ ಮನೆಗಳಲ್ಲಿ ಮೊದಲ ಫೋನ್ ಹೋಗುವುದು ಅಪ್ಪನ ಕಾಲದಿಂದ ಜಮೀನಿನ ವ್ಯಾಜ್ಯ ನೋಡಿಕೊಳ್ಳುತ್ತಿರುವ ವಕೀಲರಿಗೆ. ಅವರು ಪರಿಚಿತರು, ಮದುವೆಗೂ ಬಂದು ಉಂಡವರು. ಬೇಡ ಅನ್ನುವುದಕ್ಕೆ ಸಂಕೋಚ. ಆದರೆ ಪಹಣಿ, ಪೋಡಿ, ಪಾಲುಪಟ್ಟಿ ಅರೆದು ಕುಡಿದವರಿಗೆ ಮಗುವಿನ ಕಸ್ಟಡಿ ಕೇಸೂ ಅಷ್ಟೇ ಚೆನ್ನಾಗಿ ಗೊತ್ತಿರುತ್ತದೆ ಅಂತೇನಿಲ್ಲ.

ಕೌಟುಂಬಿಕ ಕೇಸಿನ ದಾರಿಯೇ ಬೇರೆ. ಜಮೀನಿನ ಕೇಸು ಮುಗಿದ ಮೇಲೆ ಎದುರು ಪಾರ್ಟಿಯ ಮುಖ ನೋಡದೆ ಇರಬಹುದು. ಇಲ್ಲಿ ಹಾಗಾಗುವುದಿಲ್ಲ. ಮಗು ಇದ್ದರೆ ಶಾಲೆಯ ಕಾರ್ಯಕ್ರಮದಿಂದ ಹಿಡಿದು ಮದುವೆ ಮಂಟಪದ ತನಕ ಇಬ್ಬರೂ ಎದುರಾಗುತ್ತಲೇ ಇರುತ್ತಾರೆ. ಹಾಗಾಗಿ ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಕೂತು ಮಾತಾಡಿ ಮುಗಿಸಬೇಕು ಅನ್ನುವುದು ಗೊತ್ತಿರುವ ವಕೀಲರು ಬೇಕು. ಕರ್ನಾಟಕದಲ್ಲಿ ಅಂಥವರನ್ನು ಹುಡುಕುವುದು, ಕೇಸು ಒಪ್ಪಿಸುವುದು, ಒಪ್ಪಿಸಿದ ಮೇಲೆ ಕಣ್ಣಿಡುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಒಂದು ಹಾಳೆ ತಗೊಳ್ಳಿ

ವಕೀಲರ ಆಫೀಸಿಗೆ ಹೋಗುವ ಮುಂಚೆ ನಿಮಗೆ ಏನು ಬೇಕು ಅಂತ ಬರೆದುಕೊಳ್ಳಿ. ವಿಚ್ಛೇದನವೇ ಬೇಕಾ? ಸದ್ಯಕ್ಕೆ ಜೀವನಾಂಶ ಸಿಕ್ಕರೆ ಸಾಕಾ? ಹೊಡೆತ ಬಡಿತದಿಂದ ರಕ್ಷಣೆ ಬೇಕಾ? ಇವೆಲ್ಲ ಬೇರೆ ಬೇರೆ ಅರ್ಜಿಗಳು. ಎಷ್ಟೋ ಸಲ ಬೇರೆ ಬೇರೆ ಕೋರ್ಟುಗಳು ಕೂಡ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯ್ದೆಯ ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ವಿಚ್ಛೇದನ ಹೋಗುವುದು ಕೌಟುಂಬಿಕ ನ್ಯಾಯಾಲಯಕ್ಕೆ. ವಿಚ್ಛೇದನ ಕೇಳದೆ ಬರೀ ಜೀವನಾಂಶ ಕೇಳುವುದಕ್ಕೂ ದಾರಿ ಇದೆ. ಹಿಂದೆ ಎಲ್ಲರ ಬಾಯಲ್ಲೂ ಇದ್ದ ‘125’, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜೀವನಾಂಶದ ಸೆಕ್ಷನ್, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ.

ಅದೇ ಹಾಳೆಯ ಹಿಂದೆ ತಾರೀಖುಗಳನ್ನು ಬರೆಯಿರಿ. ಮದುವೆ ಎಂದು, ಎಲ್ಲಿ. ಕೊನೆಯದಾಗಿ ಇಬ್ಬರೂ ಒಟ್ಟಿಗೆ ಇದ್ದದ್ದು ಯಾವ ಊರಲ್ಲಿ. ಬೇರೆಯಾಗಿದ್ದು ಯಾವಾಗ. ಪೊಲೀಸ್ ದೂರು, ಲೀಗಲ್ ನೋಟಿಸ್ ಏನಾದರೂ ಇದ್ದರೆ ಅದರ ದಿನಾಂಕ. ಸುಮ್ನೆ ಕಾಲಹರಣ ಅನ್ನಿಸಬಹುದು. ಆದರೆ ಒಳ್ಳೆಯ ವಕೀಲರು ನಿಮ್ಮ ಅಳುವಿಗಿಂತ ಮೊದಲು ಕೇಳುವುದು ಇದನ್ನೇ. ಮದುವೆಯಾಗಿ ಒಂದು ವರ್ಷ ಆಗಿಲ್ಲ ಅಂದರೆ, ತೀರಾ ಅಸಾಧಾರಣ ಕಷ್ಟ ಇಲ್ಲದ ಹೊರತು ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನದ ಅರ್ಜಿ ಹಾಕುವುದಕ್ಕೇ ಬರುವುದಿಲ್ಲ.

ಯಾವ ಊರಿನ ಕೋರ್ಟ್?

‘ಸ್ಥಳೀಯ ವಕೀಲರು’ ಅಂದರೆ ನಿಮ್ಮ ಮನೆ ಹತ್ತಿರದವರು ಅಂತಲ್ಲ, ಕೇಸು ನಡೆಯುವ ಕೋರ್ಟಿಗೆ ದಿನಾ ಹೋಗುವವರು. ಆದ್ದರಿಂದ ಕೋರ್ಟ್ ಯಾವುದು ಅನ್ನುವುದು ಮೊದಲು ತೀರ್ಮಾನವಾಗಬೇಕು.

ಒಂದು ಉದಾಹರಣೆ ತಗೊಳ್ಳಿ. ಧರ್ಮಸ್ಥಳದಲ್ಲಿ ಮದುವೆ. ಸಂಸಾರ ಬೆಂಗಳೂರಲ್ಲಿ. ಜಗಳವಾಗಿ ಹೆಂಡತಿ ಹಾಸನದ ತವರಿಗೆ ಬಂದಿದ್ದಾಳೆ. ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮದುವೆ ನಡೆದ ಜಾಗ, ಎದುರುದಾರರು ವಾಸಿಸುವ ಜಾಗ, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಜಾಗ, ಈ ಮೂರರಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಹೆಂಡತಿ ಅರ್ಜಿದಾರಳಾದರೆ ತಾನು ಈಗ ಇರುವ ಊರಲ್ಲೂ ಹಾಕಬಹುದು. ಈ ಅನುಕೂಲ 2003ರ ತಿದ್ದುಪಡಿಯಲ್ಲಿ ಬಂತು. ಅಂದರೆ ಈಕೆ ಹಾಸನದಲ್ಲೇ ಕೇಸು ಹಾಕಬಹುದು. ಗಂಡನಿಗೆ ಈ ಅನುಕೂಲ ಇಲ್ಲ. ಅವನು ಕೆಲಸ ಬದಲಿಸಿ ಬೆಳಗಾವಿಗೆ ಹೋದ ಅಂತ ಬೆಳಗಾವಿಯಲ್ಲಿ ಹಾಕಲು ಆಗುವುದಿಲ್ಲ.

ಮಗುವಿನ ಕಸ್ಟಡಿ ಮಾತ್ರ ಕೇಳುವುದಾದರೆ ಲೆಕ್ಕ ಬೇರೆ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಲ್ಲಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟೇ ಕೋರ್ಟು.

ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳು ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿವೆ. ಮಧ್ಯಸ್ಥಿಕೆ ಕೇಂದ್ರವೂ ಅಲ್ಲೇ. ಜಿಲ್ಲೆಗಳಲ್ಲಿ ಜಿಲ್ಲಾ ಕೇಂದ್ರದ ಕೋರ್ಟ್ ಆವರಣದಲ್ಲಿ ವಿಚಾರಿಸಿ. ಕೌಟುಂಬಿಕ ನ್ಯಾಯಾಲಯ ಇಲ್ಲದ ತಾಲ್ಲೂಕುಗಳಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟ್ ಈ ಕೇಸುಗಳನ್ನು ನೋಡುತ್ತದೆ. ಹಾಸನದ ಕೇಸಿಗೆ ಬೆಂಗಳೂರಿನಿಂದ ದೊಡ್ಡ ಹೆಸರಿನ ವಕೀಲರನ್ನು ಕರೆಸುವವರೂ ಇದ್ದಾರೆ. ಪ್ರತಿ ವಾಯಿದೆಗೂ ಅವರ ಪ್ರಯಾಣದ ಖರ್ಚು ನಿಮ್ಮದೇ. ಅವರು ಬರದ ದಿನ ಸ್ಥಳೀಯ ಜೂನಿಯರ್ ಒಬ್ಬರು ಎದ್ದು ನಿಂತು ಮುಂದಿನ ತಾರೀಖು ಕೇಳುತ್ತಾರೆ. ಅದಕ್ಕಿಂತ ಹಾಸನದವರೇ ವಾಸಿ ಅಲ್ವಾ?

ಹೆಸರು ಹುಡುಕಿ, ಆಮೇಲೆ ಪರೀಕ್ಷಿಸಿ

ಭಾರತದಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಹಾಗಿದೆ. ಹಾಗಾಗಿ ‘ನಂಬರ್ ಒನ್ ಡೈವೋರ್ಸ್ ಲಾಯರ್’ ಅಂತ ಮೊಬೈಲಿನಲ್ಲಿ ಮೇಲೆ ಬರುವ ಹೆಸರನ್ನು ಅನುಮಾನದಿಂದಲೇ ನೋಡಿ. ಹೆಸರು ಸಿಗಬೇಕಾದದ್ದು ಜನರಿಂದ. ಇಂಥದ್ದೇ ಕೇಸು ಮುಗಿಸಿಕೊಂಡವರನ್ನು ಕೇಳಿ. ಗೆದ್ದವರನ್ನು ಮಾತ್ರವಲ್ಲ, ಸೋತವರನ್ನೂ ಕೇಳಿ. ‘ಸೋತರೂ ಆ ಮೇಡಂ ಒಂದು ದಿನವೂ ತಪ್ಪಿಸಲಿಲ್ಲ’ ಅನ್ನುವ ಮಾತಿಗೆ ತೂಕ ಜಾಸ್ತಿ.

ಎರಡು ಮೂರು ಹೆಸರು ಸಿಕ್ಕ ಮೇಲೆ ಇ-ಕೋರ್ಟ್ಸ್ ಆ್ಯಪ್ ಅಥವಾ ವೆಬ್‌ಸೈಟ್ ತೆರೆಯಿರಿ. ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ ವಕೀಲರ ಹೆಸರಿನ ಮೇಲೆ ಹುಡುಕುವ ಸೌಲಭ್ಯ ಅಲ್ಲಿದೆ. ಅವರು ನಡೆಸುತ್ತಿರುವ ಕೇಸುಗಳ ಪಟ್ಟಿ ಬರುತ್ತದೆ. ನಮ್ಮ ಕಡೆ ವಿಚ್ಛೇದನದ ಕೇಸುಗಳಿಗೆ ‘ಎಂ.ಸಿ.’ ಅಂತ, ಪಾಲಕತ್ವದ ಕೇಸುಗಳಿಗೆ ‘ಜಿ ಅಂಡ್ ಡಬ್ಲ್ಯು.ಸಿ.’ ಅಂತ ನಂಬರು ಬೀಳುತ್ತದೆ. ಪಟ್ಟಿಯ ತುಂಬ ಚೆಕ್ ಬೌನ್ಸ್ ಮತ್ತು ಅಪಘಾತ ಪರಿಹಾರದ ಕೇಸುಗಳೇ ಇದ್ದು ಎಂ.ಸಿ. ಒಂದೋ ಎರಡೋ ಇದ್ದರೆ ನಿಮಗೆ ಉತ್ತರ ಸಿಕ್ಕಿತು. ಒಂದೇ ಹೆಸರಿನವರು ಹಲವರು ಇರುತ್ತಾರೆ, ಇನಿಶಿಯಲ್ ಜೋಪಾನವಾಗಿ ನೋಡಿ.

ನೋಂದಣಿ ಸಂಖ್ಯೆ ಕೇಳುವುದಕ್ಕೆ ನಾಚಿಕೆ ಬೇಡ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಮತ್ತು ವರ್ಷ ಇರುತ್ತದೆ. ಕೇಸು ನಡೆಸಲು ನೀವು ಸಹಿ ಹಾಕಿ ಕೊಡುವ ಅಧಿಕಾರ ಪತ್ರದಲ್ಲಿ, ಅಂದರೆ ವಕಾಲತ್ತಿನಲ್ಲಿ, ಹೇಗೂ ಬರೆಯಬೇಕಾದದ್ದು. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅಲ್ಲಿಂದ ಎದ್ದು ಬನ್ನಿ.

ಫೀಸಿಗೆ ದುಡ್ಡಿಲ್ಲದಿದ್ದರೆ

ಇದನ್ನು ಲೇಖನದ ಕೊನೆಗೆ ತಳ್ಳುವ ಅಭ್ಯಾಸ ಎಲ್ಲರಿಗೂ ಇದೆ. ನಾನು ನಡುವೆಯೇ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದೆ ಓಲೆ ಅಡವಿಟ್ಟವರು ತುಂಬ ಜನ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಯಾವುದೇ ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ಆಕೆಯ ಆದಾಯ ಎಷ್ಟು ಅಂತ ಯಾರೂ ಕೇಳುವಂತಿಲ್ಲ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೂ ಇದೇ ಹಕ್ಕು. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ.

ಜಿಲ್ಲಾ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕಿನಲ್ಲಿ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೀಗೆ ಸಿಗುವ ಪ್ಯಾನೆಲ್ ವಕೀಲರಿಗೆ ಫೀಸು ಕೊಡುವುದು ಪ್ರಾಧಿಕಾರ. ಅವರು ‘ಮೇಲು ಖರ್ಚಿಗೆ’ ಅಂತ ನಿಮ್ಮ ಹತ್ತಿರ ಕೈಚಾಚಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಡಿ. ಬದಲಿ ವಕೀಲರನ್ನೂ ಕೇಳಬಹುದು. ಉಚಿತದ ವಕೀಲರು ಕಳಪೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಅಲ್ಲೂ ಒಳ್ಳೆಯವರಿದ್ದಾರೆ, ಇಲ್ಲೂ ಕೆಟ್ಟವರಿದ್ದಾರೆ.

ಮೊದಲ ಭೇಟಿ

ಒಬ್ಬರೇ ಹೋಗಿ, ಅಥವಾ ನಂಬಿಕೆಯ ಒಬ್ಬರನ್ನು ಕರೆದುಕೊಂಡು ಹೋಗಿ. ಮಾವ, ಚಿಕ್ಕಪ್ಪ, ಊರ ಗೌಡರು ಅಂತ ಆರು ಜನ ಹೋದರೆ ವಕೀಲರಿಗೆ ಕೇಳುವುದು ಅವರ ಕಥೆ, ನಿಮ್ಮದಲ್ಲ. ಕೆಲವು ವಿಷಯ ಹಿರಿಯರ ಮುಂದೆ ಹೇಳಲಿಕ್ಕೂ ಆಗುವುದಿಲ್ಲ.

ತೆಗೆದುಕೊಂಡು ಹೋಗಬೇಕಾದದ್ದು: ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿ ಆಗಿದ್ದರೆ ಪ್ರಮಾಣಪತ್ರ, ಇಬ್ಬರ ವಿಳಾಸದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆ ಫೀಸಿನ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್. ಜೀವನಾಂಶದ ಪ್ರಶ್ನೆ ಬಂದರೆ ಈಗ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯದ ಬಗ್ಗೆ ಅಫಿಡವಿಟ್ ಸಲ್ಲಿಸಬೇಕು. ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್ ವಿರುದ್ಧ ನೇಹಾ ಕೇಸಿನಲ್ಲಿ ಇದನ್ನು ಕಡ್ಡಾಯ ಮಾಡಿತು. ಎಲ್ಲವನ್ನೂ ಜೆರಾಕ್ಸ್ ಕೊಡಿ. ಅಸಲು ನಿಮ್ಮ ಬೀರುವಿನಲ್ಲೇ ಇರಲಿ.

ವಾಟ್ಸ್‌ಆ್ಯಪ್ ಸಂದೇಶ, ಕರೆ ರೆಕಾರ್ಡಿಂಗ್ ಇದ್ದರೆ ಅದಿರುವ ಫೋನನ್ನು ಹಾಗೇ ಇಟ್ಟುಕೊಳ್ಳಿ. ಹೊಸ ಫೋನ್ ತಗೊಂಡೆ ಅಂತ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡಿ. ಗಂಡ ಅಥವಾ ಹೆಂಡತಿ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ ಮಾಡಿಕೊಂಡ ರೆಕಾರ್ಡಿಂಗನ್ನು ವಿಚ್ಛೇದನದ ಕೇಸಿನಲ್ಲಿ ಸಾಕ್ಷ್ಯವಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದರೆ ವಿದ್ಯುನ್ಮಾನ ದಾಖಲೆಗೆ ಸಾಕ್ಷ್ಯ ಕಾಯ್ದೆಯ ಪ್ರಮಾಣಪತ್ರ ಲಗತ್ತಿಸಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ಹೊಡೆಸಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಈ ಪ್ರಮಾಣಪತ್ರದ ಮಾತನ್ನು ವಕೀಲರು ತಾವಾಗಿಯೇ ಎತ್ತಿದರೆ ಅವರಿಗೆ ಕೆಲಸ ಗೊತ್ತು ಅಂತ ಅರ್ಥ.

ನಿಮಗೆ ಹಿನ್ನಡೆ ತರುವ ಸಂಗತಿಯನ್ನೂ ಹೇಳಿಬಿಡಿ. ಸಾಲ, ಕುಡಿತ, ಇನ್ನೊಂದು ಸಂಬಂಧ, ಕೈ ಮಾಡಿದ್ದು, ಏನಿದ್ದರೂ. ವಕೀಲರು ಅದನ್ನು ಹೊರಗೆ ಹೇಳುವಂತಿಲ್ಲ, ಕಾನೂನಿನ ರಕ್ಷಣೆ ಇದೆ. ನೀವು ಮುಚ್ಚಿಟ್ಟರೆ ಅದು ಪಾಟೀಸವಾಲಿನ ದಿನ ಎದುರು ವಕೀಲರ ಬಾಯಿಂದ ಬರುತ್ತದೆ. ಆಗ ನಿಮ್ಮವರು ಏನೂ ಮಾಡಲಾರರು.

ನೀವೂ ಪ್ರಶ್ನೆ ಕೇಳಿ. ಕೇಸಿನ ದಿನ ನೀವೇ ಬರುತ್ತೀರಾ, ಜೂನಿಯರ್ ಕಳಿಸುತ್ತೀರಾ? ನನ್ನ ಕೇಸಿನ ದೌರ್ಬಲ್ಯ ಏನು? ಇದನ್ನು ರಾಜಿಯಲ್ಲಿ ಮುಗಿಸುವುದಾದರೆ ಏನು ಬಿಟ್ಟುಕೊಡಬೇಕಾಗುತ್ತದೆ? ನನ್ನ ಫೋನ್ ಎತ್ತುವವರು ಯಾರು? ಎರಡನೇ ಪ್ರಶ್ನೆಗೆ ‘ಏನೂ ದೌರ್ಬಲ್ಯ ಇಲ್ಲ, ಗೆದ್ದೇ ಗೆಲ್ತೀವಿ’ ಅಂದವರಿಗೆ ನಮಸ್ಕಾರ ಹೇಳಿ. ‘ಜಡ್ಜ್ ನಮಗೆ ಬೇಕಾದವರು’ ಅಂದವರಿಗೂ ಅಷ್ಟೇ. ಇನ್ನೊಂದು ಬಗೆಯವರಿದ್ದಾರೆ. ನಡೆಯದೇ ಇದ್ದ ವರದಕ್ಷಿಣೆ ಕಿರುಕುಳವನ್ನು ದೂರಿನಲ್ಲಿ ಸೇರಿಸಿದರೆ ಎದುರಿನವರು ಬೇಗ ದಾರಿಗೆ ಬರುತ್ತಾರೆ ಅನ್ನುತ್ತಾರೆ. ಗಂಡಿನ ಕಡೆಯವರಿಗೆ ಹೆಂಡತಿಯ ನಡತೆಯ ಬಗ್ಗೆ ಏನಾದರೂ ಬರೆಯೋಣ ಅನ್ನುತ್ತಾರೆ. ಆ ಸುಳ್ಳಿಗೆ ಪ್ರಮಾಣ ಮಾಡಿ ಸಹಿ ಹಾಕುವುದು ನೀವು, ಅವರಲ್ಲ. ನಾಳೆ ಕಟಕಟೆಯಲ್ಲಿ ನಿಲ್ಲುವುದೂ ನೀವೇ.

ಫೀಸಿನ ಮಾತು ಮೊದಲೇ ಆಗಲಿ

ಫೀಸು ಊರಿಂದೂರಿಗೆ, ವಕೀಲರಿಂದ ವಕೀಲರಿಗೆ ಬೇರೆ. ವಿಚ್ಛೇದನದ ಅರ್ಜಿಗೆ ಸರ್ಕಾರಕ್ಕೆ ಕಟ್ಟುವ ಕೋರ್ಟ್ ಶುಲ್ಕ ಬಹಳ ಸಣ್ಣ ಮೊತ್ತ. ನೀವು ಕೊಡುವ ದುಡ್ಡಿನಲ್ಲಿ ಬಹುಪಾಲು ವಕೀಲರದ್ದೇ. ಹಾಗಾಗಿ ‘ಕೋರ್ಟಿಗೆ ಕಟ್ಟಬೇಕು’ ಅಂತ ದೊಡ್ಡ ಮೊತ್ತ ಕೇಳಿದರೆ ರಸೀದಿ ಕೇಳಿ.

ಸಾಮಾನ್ಯವಾಗಿ ಮೂರು ಪದ್ಧತಿ ಇವೆ. ಇಡೀ ಕೇಸಿಗೆ ಒಟ್ಟು ಮೊತ್ತ. ಅಥವಾ ಪ್ರತಿ ವಾಯಿದೆಗೆ ಇಷ್ಟು. ಅಥವಾ ಹಂತಕ್ಕೆ ಇಷ್ಟು: ಅರ್ಜಿ ಹಾಕುವಾಗ, ಮಧ್ಯಂತರ ಜೀವನಾಂಶದ ವಾದಕ್ಕೆ, ಸಾಕ್ಷ್ಯ ಮತ್ತು ಪಾಟೀಸವಾಲಿಗೆ, ಕೊನೆಯ ವಾದಕ್ಕೆ. ನನ್ನ ಮಟ್ಟಿಗೆ ಹಂತದ ಲೆಕ್ಕವೇ ಒಳ್ಳೆಯದು. ವಾಯಿದೆಗೆ ಇಷ್ಟು ಅಂತ ಮಾಡಿಕೊಂಡರೆ ಕೇಸು ಮುಂದಕ್ಕೆ ಹೋದಷ್ಟೂ ವಕೀಲರಿಗೆ ಲಾಭ, ನಿಮಗೆ ನಷ್ಟ. ಪೂರ್ತಿ ಮೊತ್ತ ಮೊದಲೇ ಕೊಟ್ಟುಬಿಟ್ಟರೆ ಆಮೇಲೆ ಆಸಕ್ತಿ ಉಳಿಯದೇ ಇರಬಹುದು. ಹಂತದ ಲೆಕ್ಕದಲ್ಲಿ ಇಬ್ಬರಿಗೂ ಮುಂದೆ ಹೋಗುವ ಮನಸ್ಸಿರುತ್ತದೆ.

ಬರುವ ಜೀವನಾಂಶದಲ್ಲಿ ಇಷ್ಟು ಪರ್ಸೆಂಟ್ ಅಂತ ಕೇಳುವವರಿದ್ದಾರೆ. ಇದನ್ನು ಬಾರ್ ಕೌನ್ಸಿಲ್ ನಿಯಮ ಸ್ಪಷ್ಟವಾಗಿ ನಿಷೇಧಿಸಿದೆ. ಕೇಸಿನ ಫಲಿತಾಂಶಕ್ಕೆ ಫೀಸನ್ನು ಗಂಟು ಹಾಕುವಂತಿಲ್ಲ. ಒಪ್ಪಬೇಡಿ.

ಟೈಪಿಂಗ್, ನೋಟರಿ, ಪ್ರೊಸೆಸ್ ಫೀ, ಕ್ಲರ್ಕ್ ಖರ್ಚು ಇವೆಲ್ಲ ಒಟ್ಟು ಮೊತ್ತದೊಳಗೋ ಹೊರಗೋ ಅಂತ ಕೇಳಿಕೊಳ್ಳಿ. ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಅದು ಬೇರೆ ವಕೀಲರು, ಬೇರೆ ಫೀಸು. ಒಪ್ಪಿಕೊಂಡದ್ದನ್ನು ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರೆದು ಕಳಿಸಿ: ‘ಸರ್, ಇವತ್ತು ಮಾತಾಡಿದ ಹಾಗೆ ಇಷ್ಟು, ಇಂತಿಂಥ ಹಂತಕ್ಕೆ.’ ದುಡ್ಡನ್ನು ಬ್ಯಾಂಕ್ ಮೂಲಕ ಅಥವಾ ಯುಪಿಐನಲ್ಲಿ ಕೊಡಿ.

ಪರಸ್ಪರ ಒಪ್ಪಿಗೆಯಾದರೆ

‘ಮ್ಯೂಚುಯಲ್’ ಅಂದ ತಕ್ಷಣ ಒಬ್ಬರೇ ವಕೀಲರು ಸಾಕು ಅನ್ನುತ್ತಾರೆ. ಜಂಟಿ ಅರ್ಜಿಗೆ ಒಬ್ಬರೇ ಇದ್ದರೂ ನಡೆಯುತ್ತದೆ, ದುಡ್ಡೂ ಉಳಿಯುತ್ತದೆ. ಆದರೆ ಷರತ್ತುಗಳ ಕರಡಿಗೆ ಸಹಿ ಹಾಕುವ ಮುಂಚೆ ಇನ್ನೊಬ್ಬ ವಕೀಲರಿಗೆ ಒಂದು ಗಂಟೆಯ ಸಲಹಾ ಫೀಸು ಕೊಟ್ಟು ಓದಿಸಿ. ಇಬ್ಬರಲ್ಲಿ ಯಾರು ಫೀಸು ಕೊಡುತ್ತಾರೋ ಅವರ ಕಡೆಗೆ ಕರಡು ಸ್ವಲ್ಪ ವಾಲಿರುವುದು ಸಹಜ.

ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಕೇಸಿನಲ್ಲಿ ಈ ಆರು ತಿಂಗಳನ್ನು ಕೋರ್ಟ್ ಮಾಫಿ ಮಾಡಬಹುದು ಅಂದಿತು. ಅದಕ್ಕೆ ಷರತ್ತುಗಳಿವೆ. ಅರ್ಜಿಗೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ರಾಜಿ ಪ್ರಯತ್ನ ಮುರಿದಿರಬೇಕು. ಜೀವನಾಂಶ, ಮಕ್ಕಳ ವಿಷಯ ಇತ್ಯರ್ಥವಾಗಿರಬೇಕು. ‘ಹದಿನೈದು ದಿನದಲ್ಲಿ ಮಾಡಿಸಿಕೊಡ್ತೀನಿ’ ಅನ್ನುವವರನ್ನು ಈ ಷರತ್ತುಗಳ ಮುಂದೆ ನಿಲ್ಲಿಸಿ ನೋಡಿ.

ಕರಡಿನಲ್ಲಿ ಒಡವೆ, ಪಾತ್ರೆ, ಬೀರು ಪಟ್ಟಿಯಾಗಿ ಬರಲಿ. ಹಣದ ಡಿ.ಡಿ. ಯಾವ ದಿನ ಕೈಗೆ ಬರುತ್ತದೆ ಅಂತ ಇರಲಿ. ಒಬ್ಬರು ಕೊನೆಯ ಘಟ್ಟದಲ್ಲೂ ಒಪ್ಪಿಗೆ ವಾಪಸ್ ಪಡೆಯಬಹುದು, ಆದ್ದರಿಂದ ಕಂತುಗಳನ್ನು ತೀರ್ಪಿಗೆ ಹೊಂದಿಸಿಕೊಳ್ಳಿ. ಕಿರುಕುಳದ ಕ್ರಿಮಿನಲ್ ಕೇಸು ನಡೆಯುತ್ತಿದ್ದರೆ ‘ವಾಪಸ್ ತಗೋತೀವಿ’ ಅಂತ ಬರೆದರೆ ಸಾಲದು. ಅದು ಪಾರ್ಟಿಗಳು ತಾವಾಗಿ ರಾಜಿ ಮಾಡಿಕೊಂಡು ಮುಗಿಸುವ ಅಪರಾಧವಲ್ಲ. ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ರದ್ದು ಮಾಡಿಸಬೇಕು. ಆ ಖರ್ಚು ಯಾರದ್ದು ಅಂತಲೂ ಬರೆದಿರಲಿ.

ಕಸ್ಟಡಿ

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಅದಕ್ಕಿಂತ ದೊಡ್ಡ ನಿಯಮ ಮಗುವಿನ ಹಿತ. ಯಾರ ಸಂಬಳ ಜಾಸ್ತಿ ಅನ್ನುವುದೊಂದೇ ಇಲ್ಲಿ ತೀರ್ಮಾನ ಮಾಡುವುದಿಲ್ಲ.

ವಕೀಲರನ್ನು ಆರಿಸುವಾಗ ಮಧ್ಯಂತರ ಭೇಟಿಯ, ಅಂದರೆ ಕೇಸು ನಡೆಯುತ್ತಿರುವಾಗಲೇ ಮಗುವನ್ನು ನೋಡುವ ಅವಕಾಶದ ಬಗ್ಗೆ ವಿಚಾರಿಸಿ. ಕೇಸು ಮುಗಿಯುವಷ್ಟರಲ್ಲಿ ಮಗು ಬೆಳೆದುಬಿಡುತ್ತದೆ. ಮೊದಲ ತಿಂಗಳುಗಳಲ್ಲಿ ಸಿಗುವ ಭೇಟಿ ಆದೇಶವೇ ಆಮೇಲಿನ ರೂಢಿಯಾಗುತ್ತದೆ. ದಸರಾ ರಜೆ ಯಾರ ಹತ್ತಿರ, ಬೇಸಿಗೆ ರಜೆ ಹೇಗೆ ಹಂಚಿಕೆ, ವಾರದಲ್ಲಿ ಎಷ್ಟು ವಿಡಿಯೊ ಕಾಲ್, ಪಾಸ್‌ಪೋರ್ಟ್ ಯಾರ ಕೈಯಲ್ಲಿ ಅಂತ ವಿವರವಾಗಿ ಅರ್ಜಿ ಬರೆಯುವವರು ಬೇಕು. ‘ಸೂಕ್ತ ಭೇಟಿ ಹಕ್ಕು’ ಅಂತ ಒಂದು ಸಾಲು ಬರೆದರೆ ಪ್ರತಿ ಭಾನುವಾರ ಗೇಟಿನ ಹತ್ತಿರ ಜಗಳ ಗ್ಯಾರಂಟಿ.

ಜಡ್ಜ್ ಮಗುವನ್ನು ಚೇಂಬರಿಗೆ ಕರೆದು ಮಾತಾಡಿಸುವುದುಂಟು. ಮಗುವಿಗೆ ಹೇಳಿಕೊಟ್ಟು ಕಳಿಸಿ ಅನ್ನುವ ವಕೀಲರ ಮಾತು ಕೇಳಬೇಡಿ. ಉರು ಹೊಡೆದ ಮಾತು ಜಡ್ಜ್‌ಗೆ ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಮಗುವಿಗಂತೂ ಅದರ ಭಾರ ವರ್ಷಗಟ್ಟಲೆ ಉಳಿಯುತ್ತದೆ.

ದತ್ತು: ಇಲ್ಲಿ ಎಚ್ಚರ ಜಾಸ್ತಿ ಬೇಕು

‘ಪ್ರೈವೇಟ್ ಅಡಾಪ್ಷನ್’ ಅಂತ ಕೇಳಿಕೊಂಡು ಬರುವವರಲ್ಲಿ ಎರಡು ಬಗೆ. ಅಣ್ಣನ ಮಗುವನ್ನೋ ತಂಗಿಯ ಮಗುವನ್ನೋ ದತ್ತು ತಗೊಳ್ಳಬೇಕು ಅನ್ನುವವರು ಒಂದು ಕಡೆ. ನರ್ಸಿಂಗ್ ಹೋಮಿನಲ್ಲಿ ಹುಟ್ಟಿದ, ಯಾರಿಗೂ ಬೇಡವಾದ ಮಗುವನ್ನು ನೇರವಾಗಿ ಮನೆಗೆ ತಂದುಕೊಳ್ಳಬೇಕು ಅನ್ನುವವರು ಇನ್ನೊಂದು ಕಡೆ.

ಎರಡನೆಯವರಿಗೆ ಮೊದಲು ಹೇಳಿಬಿಡುತ್ತೇನೆ. ಅದು ಅಪರಾಧ. ಬಿಟ್ಟುಹೋದ ಅಥವಾ ಒಪ್ಪಿಸಿದ ಮಗುವನ್ನು 2015ರ ಬಾಲನ್ಯಾಯ ಕಾಯ್ದೆಯ ವಿಧಾನ ಬಿಟ್ಟು ದತ್ತು ಕೊಟ್ಟರೂ ತಗೊಂಡರೂ ಮೂರು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ದುಡ್ಡು ಕೊಟ್ಟು ಕೊಂಡರೆ ಐದು ವರ್ಷದ ತನಕ ಜೈಲು. ‘ಒಂದು ಮಗು ಇದೆ, ಜನನ ಪ್ರಮಾಣಪತ್ರ ನೇರವಾಗಿ ನಿಮ್ಮ ಹೆಸರಿಗೇ ಮಾಡಿಸಿಕೊಡ್ತೀವಿ’ ಅನ್ನುವವರು ವಕೀಲರೇ ಆಗಿರಲಿ, ಡಾಕ್ಟರೇ ಆಗಿರಲಿ, ದೂರ ಇರಿ. ಪೊಲೀಸರು ಬಂದ ದಿನ ಮಗುವೂ ಕೈತಪ್ಪುತ್ತದೆ.

ಸರಿಯಾದ ದಾರಿ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಪೋರ್ಟಲ್‌ನಲ್ಲಿ ನೋಂದಣಿ. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಮಾಡುತ್ತಾರೆ. ಸರದಿ ಪ್ರಕಾರ ಮಗುವನ್ನು ಸೂಚಿಸುತ್ತಾರೆ. ಕೊನೆಯ ಆದೇಶವನ್ನು ಹಿಂದೆ ಕೋರ್ಟ್ ಕೊಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ ಜಿಲ್ಲಾಧಿಕಾರಿ ಕೊಡುತ್ತಾರೆ. ಈ ದಾರಿಯಲ್ಲಿ ವಕೀಲರ ಅಗತ್ಯವೇ ಕಡಿಮೆ. ಇದಕ್ಕೆ ದೊಡ್ಡ ಫೀಸು ಕೇಳಿದರೆ ಯಾವ ಕೆಲಸಕ್ಕೆ ಅಂತ ಕೇಳಿ. ಹೆತ್ತವರೇ ಮಗುವನ್ನು ಒಪ್ಪಿಸುವುದಾದರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಸಮಯ ಇರುತ್ತದೆ.

ಇನ್ನು ನೆಂಟರ ಮಗು. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದೆ. ಇಲ್ಲಿ ವಕೀಲರ ಕೆಲಸ ಇದೆ, ಏಕೆಂದರೆ ಸಣ್ಣ ತಪ್ಪಿಗೂ ದತ್ತಕವೇ ಬಿದ್ದುಹೋಗುತ್ತದೆ. ಗಂಡು ಮಗು ದತ್ತು ತಗೊಳ್ಳುವವರಿಗೆ ಜೀವಂತ ಮಗನಾಗಲಿ, ಮಗನ ಮಗನಾಗಲಿ ಇರಬಾರದು. ಹೆಣ್ಣು ಮಗುವಾದರೆ ಮಗಳು, ಮಗನ ಮಗಳು ಇರಬಾರದು. ರೂಢಿ ಇಲ್ಲದಿದ್ದರೆ ಮಗುವಿಗೆ 15 ತುಂಬಿರಬಾರದು, ಮದುವೆ ಆಗಿರಬಾರದು. ಗಂಡಸು ಹೆಣ್ಣು ಮಗುವನ್ನು ಅಥವಾ ಹೆಂಗಸು ಗಂಡು ಮಗುವನ್ನು ತಗೊಂಡರೆ 21 ವರ್ಷದ ಅಂತರ ಬೇಕು. ಗಂಡನಿಗೆ ಹೆಂಡತಿಯ, ಹೆಂಡತಿಗೆ ಗಂಡನ ಒಪ್ಪಿಗೆ ಬೇಕು. ಹಣ ಕೊಟ್ಟು ತಗೊಳ್ಳುವಂತಿಲ್ಲ.

ದತ್ತ ಹೋಮ ಕಡ್ಡಾಯವಲ್ಲ. ಆದರೆ ಹೆತ್ತವರು ಕೊಟ್ಟದ್ದು, ಇವರು ತಗೊಂಡದ್ದು ನಿಜವಾಗಿ ನಡೆದಿರಬೇಕು. ಮಡಿಲಿಗೆ ಮಗು ಹಾಕುವ ಫೋಟೊ ತೆಗೆದಿಡಿ, ನಾಲ್ಕು ಜನ ಸಾಕ್ಷಿ ಇರಲಿ. ದತ್ತಕ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಕೊಟ್ಟವರು ತಗೊಂಡವರು ಇಬ್ಬರೂ ಸಹಿ ಹಾಕಿದ ನೋಂದಾಯಿತ ಪತ್ರ ಇದ್ದರೆ, ಸುಳ್ಳು ಅಂತ ಯಾರಾದರೂ ಸಾಬೀತು ಮಾಡುವ ತನಕ ದತ್ತಕ ಸರಿಯಾಗಿದೆ ಅಂತಲೇ ಕೋರ್ಟ್ ಭಾವಿಸುತ್ತದೆ. ಮುಂದೆ ಆಸ್ತಿ ಪಾಲಿನ ಹೊತ್ತಿಗೆ ದಾಯಾದಿಗಳು ಎತ್ತುವ ಮೊದಲ ತಕರಾರೇ ಇದು.

ಮುಸ್ಲಿಮರು, ಕ್ರೈಸ್ತರು, ಪಾರ್ಸಿಗಳಿಗೆ ಈ ಕಾಯ್ದೆ ಅನ್ವಯವಾಗುವುದಿಲ್ಲ. ಅವರು ಬಾಲನ್ಯಾಯ ಕಾಯ್ದೆಯಲ್ಲಿ ದತ್ತು ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2014ರ ಶಬ್ನಮ್ ಹಾಶ್ಮಿ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ನೆಂಟರ ಮಗು, ಮರುಮದುವೆಯಾದವರ ಮಗುವಿಗೂ ಅಲ್ಲಿ ಅವಕಾಶ ಇದೆ.

ಹೊರದೇಶದಲ್ಲಿ ಇರುವವರಿಗೆ

ಅಮೆರಿಕ, ದುಬೈ, ಲಂಡನ್ ಎಲ್ಲಿದ್ದರೂ ಇಲ್ಲಿ ಆದ ಮದುವೆಗೆ ಅಲ್ಲಿನ ಕೋರ್ಟಿನ ವಿಚ್ಛೇದನ ಸಾಕು ಅಂತ ತಿಳಿಯಬೇಡಿ. ಹಿಂದೂ ಕಾನೂನಿನ ಕಾರಣಗಳ ಮೇಲೆ ಆಗಿರದ, ಇನ್ನೊಬ್ಬರು ಒಪ್ಪಿ ಹಾಜರಾಗದ ವಿದೇಶಿ ಡಿಕ್ರಿಗೆ ಇಲ್ಲಿ ಮಾನ್ಯತೆ ಇಲ್ಲ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಇಲ್ಲಿ ಕೇಸು ನಡೆಸಲು ಅಪ್ಪನಿಗೋ ಅಕ್ಕನಿಗೋ ಅಧಿಕಾರ ಪತ್ರ ಕೊಡಬಹುದು. ಅದು ಅಲ್ಲಿ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಆಗಬೇಕು. ವಿಡಿಯೊ ಮೂಲಕ ಹಾಜರಿಗೆ ಅರ್ಜಿ ಹಾಕಿ ಅನುಭವ ಇದೆಯಾ ಅಂತ ವಕೀಲರನ್ನು ಕೇಳಿ. ನೆಂಟರ ಮಗುವನ್ನು ದತ್ತು ಪಡೆದು ಹೊರದೇಶಕ್ಕೆ ಕರೆದೊಯ್ಯುವುದಾದರೆ ದತ್ತಕ ಪತ್ರ ಒಂದೇ ಸಾಲದು, ಕಾರಾದ ನಿರಾಕ್ಷೇಪಣಾ ಪತ್ರ ಬೇಕು.

ವಕಾಲತ್ತಿಗೆ ಸಹಿ ಹಾಕಿದ ಮೇಲೆ

ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡ. ‘ಮತ್ತೆ ಮತ್ತೆ ಬರೋದು ತಪ್ಪುತ್ತೆ’ ಅಂತ ಕ್ಲರ್ಕ್ ಪ್ರೀತಿಯಿಂದಲೇ ಹೇಳಬಹುದು. ಆದರೂ ಬೇಡ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ನಮ್ಮ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ, ಕನ್ನಡದಲ್ಲೇ ಬರೆಸುವುದಕ್ಕೂ ಅಡ್ಡಿಯಿಲ್ಲ.

ಕೇಸು ದಾಖಲಾದ ಕೂಡಲೇ 16 ಅಕ್ಷರ ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ಯಾರನ್ನೂ ಬೇಡಿಕೊಳ್ಳುವ ಅಗತ್ಯ ಇಲ್ಲ. ಸಲ್ಲಿಸಿದ ಪ್ರತಿ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಹಕ್ಕಲ್ಲ. 1984ರ ಕಾಯ್ದೆಯ 13ನೇ ಸೆಕ್ಷನ್ ಹಾಗೆ ಹೇಳುತ್ತದೆ. ರೂಢಿಯಲ್ಲಿ ಅನುಮತಿ ಸಿಗುತ್ತದೆ. ಆದರೆ ಜಡ್ಜ್ ನೇರವಾಗಿ ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ, ರಾಜಿಗೆ ಕೂರಿಸುತ್ತಾರೆ, ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಆಗ ‘ನಮ್ಮ ಲಾಯರ್‌ನ ಕೇಳಿ’ ಅಂದರೆ ನಡೆಯುವುದಿಲ್ಲ. ನಿಮ್ಮ ಹಾಳೆಯಲ್ಲಿ ಬರೆದುಕೊಂಡದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನೀವು ನೋಟಿಸ್ ಬಂದ ಕಡೆಯವರಾದರೆ ಅದನ್ನು ವಾಪಸ್ ಕಳಿಸಿ ಸುಮ್ಮನೆ ಕೂರಬೇಡಿ. ಎಕ್ಸ್‌ಪಾರ್ಟಿ ತೀರ್ಪಾಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆಯೇ ಕೇಸು ಮುಗಿಯುತ್ತದೆ. ಅದನ್ನು ರದ್ದು ಮಾಡಿಸಲು ಮತ್ತೆ ಅರ್ಜಿ, ಮತ್ತೆ ಫೀಸು.

ವಕೀಲರು ಸರಿಹೋಗದಿದ್ದರೆ

ಒಂದು ದಿನ ಫೋನ್ ಎತ್ತಲಿಲ್ಲ ಅಂತ ಬದಲಿಸಬೇಡಿ. ಅವರು ಕೋರ್ಟಿನಲ್ಲಿ ನಿಂತಿರುತ್ತಾರೆ. ಆದರೆ ತಾರೀಖು ತಪ್ಪಿಸುತ್ತಿದ್ದರೆ, ನಿಮಗೆ ಹೇಳದೆ ಎದುರಿನವರ ಜೊತೆ ಷರತ್ತು ಮಾತಾಡಿದ್ದರೆ ಬದಲಿಸುವುದೇ ಸರಿ. ಹೊಸ ವಕೀಲರು ಹಳೆಯವರಿಂದ ‘ಎನ್.ಒ.ಸಿ.’, ಅಂದರೆ ನಿರಾಕ್ಷೇಪಣಾ ಪತ್ರ, ತರಲು ಹೇಳುತ್ತಾರೆ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಪಡೆದು ಮುಂದುವರಿಯಬಹುದು. ಫೀಸು ಬಾಕಿ ಇದೆ ಅಂತ ನಿಮ್ಮ ಫೈಲನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ. ಬಾಕಿ ಇದ್ದರೆ ವಸೂಲಿಗೆ ಅವರು ಬೇರೆ ದಾರಿ ನೋಡಿಕೊಳ್ಳಬೇಕು. ನ್ಯಾಯವಾದ ಬಾಕಿಯನ್ನು ನೀವೂ ಕೊಟ್ಟುಬಿಡಿ.

ಗಂಭೀರ ದುರ್ನಡತೆ ಇದ್ದರೆ ದೂರು ಹೋಗಬೇಕಾದದ್ದು ರಾಜ್ಯ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ. ಗ್ರಾಹಕರ ಕೋರ್ಟಿಗೆ ಹೋಗುವ ದಾರಿ 2024ರ ಮೇ ತಿಂಗಳಲ್ಲಿ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ತೀರ್ಪು ಬಂದ ಮೇಲೆ ಒಂದಲ್ಲ, ಮೂರು ನಾಲ್ಕು ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಪಾಸ್‌ಪೋರ್ಟ್, ಬ್ಯಾಂಕ್ ನಾಮಿನಿ, ಶಾಲೆಯ ದಾಖಲೆ ಎಲ್ಲದಕ್ಕೂ ಕೇಳುತ್ತಾರೆ. ವ್ಯಾಜ್ಯ ಮಾಡಿ ಪಡೆದ ವಿಚ್ಛೇದನವಾದರೆ ಮೇಲ್ಮನವಿಯ ಅವಧಿ ಮುಗಿಯುವ ತನಕ ಮರುಮದುವೆ ದಿನ ಗೊತ್ತು ಮಾಡಬೇಡಿ. ಆ ಅವಧಿ ಯಾವತ್ತು ಮುಗಿಯುತ್ತದೆ ಅಂತ ನಿಮ್ಮ ವಕೀಲರಿಂದ ತಾರೀಖು ಸಮೇತ ಬರೆಸಿಕೊಳ್ಳಿ.